ಆನೆಗೋವಿಯ ತೋಟೆ: ಹಳೆಯದೂ ಹೊಸದೂ

ಮೈಸೂರು ಸೀಮೆಯ ಕಾಡುಗಳ ಚರಿತ್ರೆಯನ್ನು ಬಲ್ಲವರಿಗೆ ಜಾರ್ಜ್ ಪೆರೆಸ್ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯ ಹೆಸರು ಅಪರಿಚಿತವಾಗಿರಲಾರದು. ೧೮೬೪ರಲ್ಲಿ ಭಾರತಕ್ಕೆ ಬಂದು, ಸಂಸ್ಥಾನದ ಕಾಲುವೆಗಳ ಕೆಲಸದಲ್ಲಿದ್ದುಕೊಂಡೇ ಆನೆಗಳ ನಡೆನುಡಿಗಳನ್ನು ವರ್ಷಗಟ್ಟಲೆ ನೋಡಿ, ೧೮೭೪ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಹೂಡಿ ಹಿಂಡುಹಿಂಡಾಗಿ ಆನೆಗಳನ್ನು ಹಿಡಿದವನು ಇವನೇ. ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳನ್ನು ಕುರಿತು ಅವನು ೧೮೭೮ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಓದತಕ್ಕುದಾಗಿದೆ. ಅದರಲ್ಲಿ ಗಜಸ್ವಭಾವವನ್ನು ವರ್ಣಿಸುವ ಭಾಗಗಳನ್ನು ಎಲ್ಲರೂ ಮೆಚ್ಚುವರು. ತನ್ನ ಕೋವಿಗಳ ವಿಷಯವಾಗಿ ಅವನು ಬರೆದಿರುವ ಕೆಲವು ಸಾಲುಗಳನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಿದಂತೆ ಕಾಣೆ. ಈ ಲೇಖನಕ್ಕೆ ಆ ಸಾಲುಗಳೇ ಆಧಾರ.

ಬೇಟೆಯ ನೀತಿ ಅನೀತಿಗಳನ್ನು ಇಲ್ಲಿ ವಿಚಾರಿಸುವುದಿಲ್ಲ. ಮನುವು ಮೃಗಯೆಯನ್ನು ರಾಜರ ವ್ಯಸನಗಳಲ್ಲಿ ಎಣಿಸಿದನು. ಕಾಳಿದಾಸನ ನಾಟಕದಲ್ಲಿ ದುಷ್ಯಂತನ ಸೇನಾಪತಿಯು ಅದನ್ನೇ ಹೊಗಳಿದನು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅದನ್ನು ವಿನೋದಗಳ ನಡುವೆ ಕೂರಿಸಿದನು. ಹಿರಿಯರೇ ಇತ್ಯರ್ಥ ಮಾಡದ ವ್ಯಾಜ್ಯವನ್ನು ನಾನು ಕೈಗೆತ್ತಿಕೊಳ್ಳಲಾರೆ. ನನಗೆ ಬೇಕಾದುದು ಇನ್ನೂ ಸಣ್ಣ ಪ್ರಶ್ನೆ. ಕೋವಿಯ ವಿದ್ಯೆಯಲ್ಲಿ ಆಸಕ್ತಿಯುಳ್ಳವರು ಕೂಡಿದೆಡೆ ಒಂದು ವಾದ ಹುಟ್ಟುವುದುಂಟು: ಆನೆ, ಕಾಟಿ, ಆಫ್ರಿಕದ ಕಾಡೆಮ್ಮೆ ಮೊದಲಾದ ಅಪಾಯದ ಮೃಗಗಳಿಗೆ ಇಂಗ್ಲೆಂಡಿನ ಕೋವಿಕಾರರು ಹಿಂದೆ ಮಾಡುತ್ತಿದ್ದ ಉದ್ದನೆಯ ತೋಟೆಗಳು ಮೇಲೋ, ಅಮೆರಿಕದವರು ೧೯೫೦ರ ಈಚೆಗೆ ಮಾಡಿದ ಮೊಟಕಾದ ‘ಮ್ಯಾಗ್ನಂ’ ತೋಟೆಗಳು ಮೇಲೋ? ಎರಡು ಪಕ್ಷದವರೂ ಉತ್ಸಾಹದಿಂದ ವಾದಿಸುವರು. ನನಗೆ ತೋರುವಂತೆ ಇಬ್ಬರೂ ಎಲ್ಲೆಗಲ್ಲನ್ನು ತಕ್ಕ ಸ್ಥಳದಲ್ಲಿ ನೆಟ್ಟಿಲ್ಲ. ಹಳತು ಹೊಸತುಗಳ ನಿಜವಾದ ಗಡಿ ಇರುವುದು ೧೯೫೦ರ ಬಳಿಯಲ್ಲಲ್ಲ, ೧೮೯೮ರ ಬಳಿಯಲ್ಲಿ. ಅದರಾಚೆಯ ದಡದಲ್ಲಿ ನಿಂತ ಕಡೆಯ ದೊಡ್ಡ ಬೇಟೆಗಾರರಲ್ಲಿ ನಮ್ಮ ಸ್ಯಾಂಡರ್ಸನ್ ಒಬ್ಬನು.

ಅವನು ಬರೆದಿರುವುದರ ಸಾರಾಂಶವಿದು. ಮೊದಲು ಅವನು ೧೨ ನಂಬರಿನ ದುಂಡುಗುಂಡಿನ ಕೋವಿಯಲ್ಲಿ, ಗಟ್ಟಿಮಾಡಿದ ಗುಂಡಿನ ಹಿಂದೆ ಆರು ಡ್ರಾಂ ಮದ್ದು ತುಂಬಿ, ಕೆಲವು ಆನೆಗಳನ್ನು ಹೊಡೆದನು. ಅನೇಕ ಸಂದರ್ಭಗಳಲ್ಲಿ ಅದು ಸಾಲದೆಂದು ಕಂಡಿತು. ಆಮೇಲೆ ಲಂಡನಿನ ಕಾಕ್ಸ್‌ಪರ್ ಬೀದಿಯ ಲ್ಯಾಂಗ್ ಎಂಬವರಿಂದ ೪ ನಂಬರಿನ ಒಂಟಿನಳಿಗೆಯ ಕೋವಿಯೊಂದನ್ನು ಮಾಡಿಸಿಕೊಂಡನು; ತೂಕ ಹದಿನಾರೂವರೆ ಪೌಂಡು, ಮದ್ದು ಹತ್ತು ಡ್ರಾಂ. ಒಮ್ಮೆ ಅದರ ತೋಟೆ ಹಾರದೆ ಹೋಯಿತು. ಪ್ರಾಣಕ್ಕೇ ಸಂಚಕಾರ ಬರುವುದರಲ್ಲಿತ್ತು. ಅಂದಿನಿಂದ ಒಂಟಿನಳಿಗೆಯನ್ನು ಬಿಟ್ಟು, ಗ್ರೀನರ್ ಎಂಬ ಕೋವಿಕಾರನಿಂದ ಅದೇ ೪ ನಂಬರಿನ ಜೋಡುನಳಿಗೆಯನ್ನು ತರಿಸಿದನು. ಅದರ ತೂಕ ಹತ್ತೊಂಬತ್ತೂವರೆ ಪೌಂಡು. ಅದರಲ್ಲಿ ಸಾಮಾನ್ಯವಾಗಿ ಹನ್ನೆರಡು ಡ್ರಾಂ ಮದ್ದನ್ನು ಹಾರಿಸುತ್ತಿದ್ದನು. ಫಿರಂಗಿಯ ಜಾತಿಗೆ ಸೇರಿದ ಆಯುಧವಿಲ್ಲದೆ ಮಹಾಕಾಯ ಮೃಗಗಳೆದುರು ನಿಲ್ಲುವುದು ಕ್ಷೇಮವಲ್ಲವೆಂದು ಅವನ ಅಭಿಪ್ರಾಯ.

ಕೋವಿಯ ‘ನಂಬರು’ ಎಂದರೇನೆಂಬುದನ್ನು ಕೇಳದವರಿಗಾಗಿ ಒಂದು ಮಾತು. ಒಂದು ಪೌಂಡು ಸೀಸದಲ್ಲಿ ಸಮನಾದ ಎಷ್ಟು ಗುಂಡುಗಳನ್ನು ಎರೆದರೆ ಅವು ನಳಿಗೆಯ ಬಾಯಿಗೆ ಸರಿಯಾಗಿ ಕೂರುವುವೋ ಆ ಸಂಖ್ಯೆಯೇ ನಂಬರು. ಮಲೆನಾಡಿನಲ್ಲೂ ಕೊಡಗಿನಲ್ಲೂ ಅನೇಕ ಮನೆಗಳ ಗೋಡೆಯ ಮೇಲೆ ಇಂದಿಗೂ ಇರುವ ೧೨ ನಂಬರಿನ ಕೋವಿಯಲ್ಲಿ ಗುಂಡಿನ ತೂಕ ಪೌಂಡಿನ ಹನ್ನೆರಡನೆಯ ಒಂದು ಪಾಲು. ೪ ನಂಬರಿನ ಗುಂಡು ಕಾಲು ಪೌಂಡು, ಎಂದರೆ ನಮ್ಮ ಹಳೆಯ ತೂಕದಲ್ಲಿ ಹತ್ತು ತೊಲಕ್ಕೆ ಸ್ವಲ್ಪ ಕಡಮೆ. ಹನ್ನೆರಡು ಡ್ರಾಂ ಮದ್ದು ಎರಡು ತೊಲದ ಹತ್ತಿರ ಬರುವುದು. ಹತ್ತು ತೊಲ ಸೀಸವನ್ನು ಎರಡು ತೊಲ ಕರಿಮದ್ದಿನಿಂದ ಹೆಗಲ ಮೇಲಿಟ್ಟು ಹಾರಿಸುವುದೆಂದರೇನು! ಆಫ್ರಿಕದಲ್ಲಿ ಫ್ರೆಡರಿಕ್ ಸೆಲೂಸ್ ಎಂಬ ಪ್ರಸಿದ್ಧ ಬೇಟೆಗಾರನು ತನ್ನ ತಾರುಣ್ಯದಲ್ಲಿ, ೧೮೭೦ರ ದಶಕದ ಮೊದಲಲ್ಲಿ, ಇಂಥ ೪ ನಂಬರಿನ ಬಾಯಿತುಂಬುವ ಕೋವಿಗಳಿಂದಲೇ ಬಹು ಆನೆಗಳನ್ನು ಕೊಂದನು. ಅವುಗಳ ಒದೆತದಿಂದ ತನ್ನ ನರಗಳಿಗೆ ಶಾಶ್ವತವಾದ ಕೇಡಾಯಿತೆಂದೂ, ಅವನ್ನು ಮುಟ್ಟದಿದ್ದರೆ ಚೆನ್ನಾಗಿತ್ತೆಂದೂ ಮುಂದೆ ಅವನೇ ಹೇಳಿಕೊಂಡನು.

ಈ ಜನರು ಇಷ್ಟು ಬುದ್ಧಿವಂತರಾಗಿದ್ದೂ ಏತಕ್ಕಾಗಿ ಇಂಥ ಹಿಂಸೆಯನ್ನು ಮೈಮೇಲೆ ಹಾಕಿಕೊಂಡರು? ಹುಂಬತನವೆಂದು ತಳ್ಳಿಬಿಡುವುದು ಸುಲಭ. ಆದರೆ ಇದರ ಹಿಂದೆ ಒಂದು ಸರಳವಾದ ಲೆಕ್ಕವಿದೆ. ಪಾಠಶಾಲೆಯಲ್ಲಿ ವ್ಯಾಕರಣದೊಡನೆ ಲೀಲಾವತಿಯನ್ನೂ ಕಲಿತವನ ಚಪಲದಿಂದ ಅದನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ, ವಾಚಕರು ಕ್ಷಮಿಸಬೇಕು.

ಆನೆಯ ಮಿದುಳು ಬಲು ಹಿಂದೆ, ಬುರುಡೆಯ ತಳದಲ್ಲಿದೆ. ಅದರ ಮುಂದೆ ಜೇನುಹುಟ್ಟಿನಂತೆ ಗೂಡುಗೂಡಾದ ಎಲುಬು ಬಹಳ ದಪ್ಪವಾಗಿ ನಿಂತಿರುವುದು. ಗುಂಡು ಅಲ್ಲಿಯವರೆಗೆ ನೆಟ್ಟಗೆ ಹೋಗಬೇಕು. ಹೋಗುವ ಗುಂಡನ್ನು ತಡೆಯುವುದು ಅದರ ಮುಖದ ವಿಸ್ತಾರ. ಮುಂದೂಡುವುದು ಹಿಂದಿರುವ ತೂಕ. ಆದುದರಿಂದ ಗುಂಡಿನ ತೂಕವನ್ನು ಪೌಂಡುಗಳಲ್ಲಿ ಹೇಳಿ, ಅದರ ವ್ಯಾಸವನ್ನು ಅಂಗುಲಗಳಲ್ಲಿ ಅಳೆದು, ತೂಕವನ್ನು ವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯು ಗುಂಡಿನ ಭೇದನಶಕ್ತಿಗೆ ಒಂದು ಅಳತೆಗೋಲಾಗುವುದು. ಇದನ್ನು ‘ಮುಖಭಾರ’ ಎಂದು ಕರೆಯೋಣ. ೧೨ ನಂಬರಿನ ದುಂಡುಗುಂಡಿನ ಮುಖಭಾರ ೦.೧೫೭. ೪ ನಂಬರಿನದು ೦.೨೨೬. ತೂಕ ಮೂರು ಪಟ್ಟಾದರೂ ಮುಖಭಾರ ಒಂದೂವರೆ ಪಟ್ಟೂ ಆಗಲಿಲ್ಲವೆಂಬುದನ್ನು ನೋಡಿರಿ. ಗೋಲದ ತೂಕವು ವ್ಯಾಸದ ಘನದಂತೆ ಬೆಳೆಯುತ್ತದೆ, ಮುಖವು ವ್ಯಾಸದ ವರ್ಗದಂತೆ ಬೆಳೆಯುತ್ತದೆ, ಉಳಿಯುವುದು ವ್ಯಾಸವೊಂದೇ. ದುಂಡುಗುಂಡಿನ ಮುಖಭಾರವನ್ನು ಇಮ್ಮಡಿಸಬೇಕಾದರೆ ತೂಕವನ್ನು ಎಂಟು ಮಡಿ ಮಾಡಬೇಕು.

ಹಾಗಾದರೆ ವೇಗವನ್ನು ಹೆಚ್ಚಿಸಬಾರದಿತ್ತೆ? ಕರಿಮದ್ದು ಅದಕ್ಕೆ ಒಪ್ಪುವುದಿಲ್ಲ. ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದುದು ಇದ್ದಲು ಮತ್ತು ಗಂಧಕ. ಇವು ಕೂಡಿದ ಈ ಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಒಂದು ಮಿತಿಯ ಮೇಲೆ ಎಷ್ಟು ತುಂಬಿದರೂ ಹೊಗೆ ಮತ್ತು ಒದೆತ ಹೆಚ್ಚುವುದೇ ಹೊರತು ಗುಂಡು ಓಡುವುದಿಲ್ಲ. ದೊಡ್ಡ ಕೋವಿಗಳ ಗುಂಡು ಸೆಕೆಂಡಿಗೆ ೧೩೦೦ ರಿಂದ ೧೫೦೦ ಅಡಿಯ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಗುಂಡನ್ನು ಉದ್ದಮಾಡಿ ಮುಖಭಾರವನ್ನು ಹೆಚ್ಚಿಸುವ ಉಪಾಯ ತಿಳಿಯದೆ ಇರಲಿಲ್ಲ. ೧೮೭೧ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಮಾರ್ಟಿನಿ-ಹೆನ್ರಿ ಬಂದೂಕು ೪೮೦ ಗ್ರೇನ್ ತೂಕದ ಉದ್ದನೆಯ ಸೀಸದ ಗುಂಡನ್ನು ೮೫ ಗ್ರೇನ್ ಕರಿಮದ್ದಿನಿಂದ ಹಾರಿಸುತ್ತಿತ್ತು. ಆದರೆ ಅದರ ವೇಗ ೧೩೫೦ ಅಡಿ ಮಾತ್ರ. ಬರಿಯ ಸೀಸದ ಆ ಗುಂಡು ಎಲುಬಿಗೆ ತಗುಲಿ ಅಣಬೆಯಂತೆ ಅರಳಿಬಿಡುತ್ತಿತ್ತು. ಆಳಕ್ಕೆ ಹೋಗಲಾರದ ಗುಂಡಿಗೆ ಅಗಲವಾದ ಪೆಟ್ಟನ್ನಾದರೂ ಕೊಡುವ ಶಕ್ತಿಯಿರಲಿ ಎಂದು ಬೇಟೆಗಾರರು ಭಾರವನ್ನೇ ನಂಬಿದರು. ಸ್ಯಾಂಡರ್ಸನ್ನನ ‘ಫಿರಂಗಿ’ಯು ಆ ಮದ್ದಿನ ಮಿತಿಯೊಳಗೆ ಸಾಧ್ಯವಿದ್ದ ಉತ್ತರ. ಹುಂಬತನ ಅದರಲ್ಲಿಲ್ಲ.

ನಡುವೆ ‘ಎಕ್ಸ್‌ಪ್ರೆಸ್’ ಎಂಬ ಹೆಸರಿನ ಕೋವಿಗಳು ಬಂದುವು. ೧೮೫೬ರಲ್ಲಿ ಪರ್ಡಿ ಎಂಬ ಲಂಡನಿನ ಕೋವಿಕಾರನು ತನ್ನ ವೇಗದ ಕೋವಿಗೆ ಆಗತಾನೆ ಜನರನ್ನು ಬೆರಗುಗೊಳಿಸುತ್ತಿದ್ದ ರೈಲಿನ ಹೆಸರಿಟ್ಟನು. ಹಗುರವಾದ, ತುದಿಯಲ್ಲಿ ಪೊಳ್ಳಾದ ಗುಂಡು. ಹಿಂದೆ ಹೆಚ್ಚು ಮದ್ದು. ಜಿಂಕೆಗೂ ಹುಲಿಗೂ ಅದು ಒದಗಿತು, ಆನೆಗಲ್ಲ.

ಹೊಗೆಯ ಮಾತನ್ನು ಇನ್ನೊಂದು ಸಲ ಹೇಳಬೇಕಾಗಿದೆ, ಏಕೆಂದರೆ ಅಂಕಿಗಳಲ್ಲಿ ಅದು ಕಾಣುವುದಿಲ್ಲ. ಎರಡು ತೊಲ ಕರಿಮದ್ದು ಗಾಳಿಯಾಡದ ಬಿದಿರುಮೆಳೆಯೊಳಗೆ ಉರಿದರೆ ಎದುರಿನದು ಏನೂ ತೋರದು. ಆನೆ ಬಿದ್ದಿತೋ, ಓಡಿತೋ, ಮೇಲೆಯೇ ಬರುತ್ತಿದೆಯೋ ತಿಳಿಯಬೇಕಾದರೆ ಬಗ್ಗಿ ಹೊಗೆಯ ಕೆಳಗಿನಿಂದ ನೋಡಬೇಕು, ಅಥವಾ ಪಕ್ಕಕ್ಕೆ ಓಡಬೇಕು. ಎರಡನೆಯ ನಳಿಗೆ ಇದ್ದೂ ಇಲ್ಲದಂತೆ. ಬೇಟೆಗಾರನಿಗಾದರೋ ಕೈಯಲ್ಲಿ ಕೋವಿಯಿದೆ. ಅವನ ಮುಂದೆ ಹೆಜ್ಜೆಗುರುತು ನೋಡುತ್ತ ನಡೆದ ಕುರುಬನಿಗೆ, ಸೋಲಿಗನಿಗೆ ಏನಿದೆ? ಬೇಟೆಯ ಗ್ರಂಥಗಳಲ್ಲಿ ಕೋವಿಕಾರನ ಹೆಸರು ಬೀದಿಯ ವಿಳಾಸದೊಡನೆ ಇರುವುದು. ಹೆಜ್ಜೆ ಹಿಡಿದವನ ಹೆಸರು ಅನೇಕ ವೇಳೆ ಇರುವುದಿಲ್ಲ.

ಇನ್ನು ಗಡಿಯ ಈಚೆಗೆ ಬರೋಣ. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಜ್ಞನು ಹತ್ತಿಯನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಬಂದ ಸ್ಫೋಟಕದಿಂದ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಎರಡು ವರ್ಷಗಳಲ್ಲಿ ಫ್ರೆಂಚ್ ಸೈನ್ಯದ ಬಂದೂಕು ಅದನ್ನು ಬಳಸತೊಡಗಿತು. ೧೮೮೭ರಲ್ಲಿ ಆಲ್ಫ್ರೆಡ್ ನೊಬೆಲನು ತನ್ನದೊಂದನ್ನು ಮಾಡಿದನು. ೧೮೮೯ರಲ್ಲಿ ಇಂಗ್ಲೆಂಡಿನ ಏಬಲ್ ಮತ್ತು ಡ್ಯೂಅರ್ ಎಂಬ ಇಬ್ಬರು ವಿದ್ವಾಂಸರು ‘ಕಾರ್ಡೈಟ್’ ಎಂಬುದನ್ನು ತಂದರು. ಅದು ತನ್ನ ಮದ್ದಿನ ನಕಲೇ ಎಂದು ನೊಬೆಲನ ಪಕ್ಷದವರು ನ್ಯಾಯಸ್ಥಾನಕ್ಕೆ ಹೋಗಿ, ೧೮೯೫ರಲ್ಲಿ ಕಡೆಯ ಮೆಟ್ಟಿಲಲ್ಲಿ ಸೋತರು. ಮೊದಲ ಕಾರ್ಡೈಟಿನಲ್ಲಿ ನೂರಕ್ಕೆ ೫೮ ಪಾಲು ನೈಟ್ರೋಗ್ಲಿಸರಿನ್, ೩೭ ಪಾಲು ಹತ್ತಿಮದ್ದು, ೫ ಪಾಲು ವ್ಯಾಸಲೀನ್. ಇವನ್ನು ಅಸಿಟೋನಿನಲ್ಲಿ ಕಣಕದಂತೆ ನಾದಿ, ತೂತುಗಳುಳ್ಳ ಅಚ್ಚಿನಲ್ಲಿ ಒತ್ತಿ ಎಳೆ ತೆಗೆಯುವರು. ನಮ್ಮ ಹೆಂಗಸರು ಶ್ಯಾವಿಗೆ ಒತ್ತುವ ಕ್ರಮಕ್ಕೂ ಇದಕ್ಕೂ ಅಚ್ಚಿನ ಮಟ್ಟಿಗೆ ವ್ಯತ್ಯಾಸವಿಲ್ಲ. ಎಳೆ ದಪ್ಪವಾದಷ್ಟೂ ನಿಧಾನವಾಗಿ ಉರಿಯುವುದು; ಉರಿಯುವ ಹೊತ್ತನ್ನು ಮನುಷ್ಯನು ತನಗೆ ಬೇಕಾದಂತೆ ಹದಗೊಳಿಸಬಹುದಾಯಿತು. ಈ ಮದ್ದು ನಮ್ಮ ನೆರೆಯಲ್ಲೇ ತಯಾರಾಗತೊಡಗಿತೆಂಬುದು ಗಮನಾರ್ಹ: ನೀಲಗಿರಿಯ ಕುನೂರಿನ ಬಳಿ ಅರುವಂಕಾಡಿನಲ್ಲಿ ೧೯೦೩-೦೪ರಲ್ಲಿ ಸರಕಾರದ ಕಾರ್ಡೈಟ್ ಕಾರ್ಖಾನೆ ನೆಲೆಗೊಂಡಿತು.

೧೮೯೮ರಲ್ಲಿ ರಿಗ್ಬಿ ಎಂಬ ಕೋವಿಕಾರರು ಹಳೆಯ ೪೫೦ ಎಕ್ಸ್‌ಪ್ರೆಸ್ಸಿನ ಮೂರೂಕಾಲು ಅಂಗುಲದ ಹಿತ್ತಾಳೆಯ ತೋಟೆಯಲ್ಲಿ ಕಾರ್ಡೈಟನ್ನು ತುಂಬಿದರು. ಇಲ್ಲಿ ೪೫೦ ಎಂದರೆ ಅಂಗುಲವನ್ನು ಸಾವಿರ ಪಾಲು ಮಾಡಿ ಅದರಲ್ಲಿ ೪೫೦ ಪಾಲು. ಮುಂದೆ ಬರುವ ಸಂಖ್ಯೆಗಳನ್ನೂ ಹೀಗೆಯೇ ತಿಳಿಯತಕ್ಕುದು. ಗುಂಡಿನ ತೂಕ ೪೮೦ ಗ್ರೇನ್, ಎಂದರೆ ಮಾರ್ಟಿನಿ-ಹೆನ್ರಿಯಷ್ಟೇ. ಮದ್ದು ೭೦ ಗ್ರೇನ್, ಎಂದರೆ ಮಾರ್ಟಿನಿಗಿಂತ ಕಡಮೆ. ವೇಗವೋ, ೧೩೫೦ ಅಡಿಯಿಂದ ೨೧೫೦ ಅಡಿಗೆ ಹಾರಿತು! ಅದೇ ತೂಕ, ಹೆಚ್ಚುಕಡಮೆ ಅದೇ ಅಗಲ. ಪೆಟ್ಟಿನ ಬಲ ಮಾತ್ರ ಎರಡೂವರೆ ಮಡಿ. ಇಷ್ಟು ವೇಗದಲ್ಲಿ ಬರಿಯ ಸೀಸವು ನಳಿಗೆಯ ಸುರುಳಿಗೆರೆಗಳಲ್ಲಿ ಹರಿದುಹೋಗುವುದರಿಂದ ಗುಂಡಿಗೆ ಗಟ್ಟಿಲೋಹದ ಅಂಗಿ ತೊಡಿಸಲೇಬೇಕಾಯಿತು. ನಿರ್ಬಂಧವಾಗಿ ಬಂದ ಈ ಅಂಗಿಯೇ ವರವಾಯಿತು. ಇಡೀ ಅಂಗಿ ತೊಟ್ಟ ಗುಂಡು ಎಲುಬಿನಲ್ಲಿ ಅರಳದೆ ನೆಟ್ಟಗೆ ಹೋಗುವುದು; ಅದು ಆನೆಗೆ. ಮೂತಿಯಲ್ಲಿ ಅಂಗಿ ಬಿಟ್ಟ ಗುಂಡು ಮೃದುವಾದ ಮೈಯಲ್ಲಿ ಅರಳುವುದು, ಅದು ಹುಲಿಗೆ.

ಈಗ ಮುಖಭಾರದ ಲೆಕ್ಕವನ್ನು ಮತ್ತೆ ನೋಡಿರಿ. ರಿಗ್ಬಿಯ ಗುಂಡಿನ ನಿಜವಾದ ವ್ಯಾಸ ೦.೪೫೮ ಅಂಗುಲ, ಮುಖಭಾರ ೦.೩೨೭. ಸ್ಯಾಂಡರ್ಸನ್ನನ ಕಾಲು ಪೌಂಡಿನ ಗುಂಡಿಗೆ ಇದ್ದುದು ೦.೨೨೬. ಪೆಟ್ಟಿನ ಬಲವನ್ನು ಅಡಿ-ಪೌಂಡಿನಲ್ಲಿ ಎಣಿಸಿದರೆ, ೧೩೦೦ ಅಡಿ ವೇಗದ ಹಳೆಯ ಗುಂಡಿಗೆ ಸುಮಾರು ೬೫೦೦, ಹೊಸದಕ್ಕೆ ೪೯೦೦. ಬಲದಲ್ಲಿ ಹೊಸದು ಹಳೆಯದಕ್ಕಿಂತ ಕಡಮೆ, ಆಳಕ್ಕೆ ಹೋಗುವುದರಲ್ಲಿ ಬಲು ಹೆಚ್ಚು! ಇದೇ ಈ ಚರಿತ್ರೆಯ ತಿರುಳು. ಹತ್ತು ತೊಲದ ಗುಂಡು ಮಾಡಲಾರದುದನ್ನು ಮೂರು ತೊಲಕ್ಕೂ ಕಡಮೆಯಾದ ಗುಂಡು ಮಾಡಿತು. ಇಪ್ಪತ್ತು ಪೌಂಡಿನ ಕೋವಿಯ ಸ್ಥಾನಕ್ಕೆ ಹನ್ನೊಂದು ಪೌಂಡಿನ ಕೋವಿ ಬಂದಿತು. ಹೊಗೆ ಇಲ್ಲವಾದುದರಿಂದ ಎರಡನೆಯ ನಳಿಗೆಗೆ ಮೊದಲ ಸಲ ನಿಜವಾದ ಅರ್ಥ ಬಂದಿತು. ಸ್ಯಾಂಡರ್ಸನ್ ಇದನ್ನು ಕಾಣಲಿಲ್ಲ. ಅವನು ೧೮೯೨ರಲ್ಲೇ ತೀರಿಕೊಂಡಿದ್ದನು.

ಹೊಸ ಮದ್ದಿಗೆ ತನ್ನದೇ ಆದ ದೋಷವೂ ಇತ್ತು. ಕಾರ್ಡೈಟು ಬಿಸಿಲಿಗೆ ಕಾದರೆ ಹೆಚ್ಚು ರಭಸದಿಂದ ಉರಿಯುವುದು. ಇಂಗ್ಲೆಂಡಿನ ಚಳಿಯಲ್ಲಿ ಹದವಾಗಿದ್ದ ತೋಟೆ ಬಯಲುಸೀಮೆಯ ಬೇಸಗೆಯಲ್ಲಿ ಉಬ್ಬಿ ನಳಿಗೆಯಲ್ಲಿ ಕಚ್ಚಿಕೊಳ್ಳುವುದುಂಟು. ಖಾಲಿ ತೋಟೆ ಹೊರಬರದಿದ್ದರೆ ಜೋಡುನಳಿಗೆಯ ಕೋವಿಯು ದೊಣ್ಣೆಗೆ ಸಮಾನ. ಆದುದರಿಂದ ಉಷ್ಣದೇಶಗಳಿಗೆಂದು ಮದ್ದನ್ನು ಸ್ವಲ್ಪ ತಗ್ಗಿಸಿದ ತೋಟೆಗಳನ್ನು ಬೇರೆಯಾಗಿಯೇ ಮಾರುತ್ತಿದ್ದರು. ತೋಟೆಯ ಹೊಟ್ಟೆಯನ್ನೂ ಬೇಕೆಂದೇ ದೊಡ್ಡದಾಗಿಟ್ಟು ಒತ್ತಡವನ್ನು ತಗ್ಗಿಸಿದರು. ಇಂಗ್ಲಿಷರ ಹಳೆಯ ತೋಟೆಗಳು ಅಷ್ಟು ಉದ್ದವಾಗಿ, ಡೊಳ್ಳಾಗಿ ಕಾಣುವುದಕ್ಕೆ ಕಾರಣ ಇದು. ಈಚಿನ ಕೆಲವರು ಇದನ್ನು ಹಳೆಯ ಕಾಲದ ಒರಟು ಕೆಲಸವೆಂದು ನಗುವರು. ನಗುವವರು ನಮ್ಮ ರಾಯಚೂರಿನ ಕಡೆ ವೈಶಾಖಮಾಸದಲ್ಲಿ ಒಂದು ದಿನ ತೋಟೆಯನ್ನು ಬಿಸಿಲಿಗಿಟ್ಟು ನೋಡಲಿ.

ತೋಟೆಗಳ ವಂಶ ಇದ್ದಕ್ಕಿದ್ದಂತೆ ಹರಡಿಕೊಂಡುದಕ್ಕೆ ಮಾತ್ರ ಕಾರಣ ಬೇಟೆಯಲ್ಲ, ರಾಜಕಾರಣ. ೧೯೦೭ರಲ್ಲಿ ಬ್ರಿಟಿಷ್ ಸರಕಾರವು ಭಾರತದಲ್ಲೂ ಸೂಡಾನಿನಲ್ಲೂ ೪೫೦ ಅಳತೆಯ ಬೇಟೆಯ ಕೋವಿಗಳನ್ನು ತರುವುದನ್ನು ನಿಷೇಧಿಸಿತು. ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳು ಅಲ್ಲಲ್ಲಿ ಜನರ ಕೈಸೇರಿದ್ದುವು. ಬೇಟೆಯ ತೋಟೆಯಿಂದ ಗುಂಡನ್ನು ಕಿತ್ತು ಅವಕ್ಕೆ ಬಳಸಿ ದಂಗೆಯೇಳುವರೆಂಬ ಭಯ. ನಿಷೇಧಕ್ಕೆ ಸಿಕ್ಕದಂತೆ ಲಂಡನಿನ ಒಬ್ಬೊಬ್ಬ ಕೋವಿಕಾರನೂ ಕೂದಲೆಳೆಯಷ್ಟು ಬೇರೆಯಾದ ಅಳತೆಯನ್ನು ಹುಡುಕಿಕೊಂಡನು: ೪೬೫, ೪೭೦, ೪೭೫, ೪೭೬. ಇವುಗಳಲ್ಲಿ ೪೭೦ ಹೆಚ್ಚಾಗಿ ಬಾಳಿತು. ೫೦೦ ಗ್ರೇನಿನ ಗುಂಡು, ೨೧೫೦ ಅಡಿ ವೇಗ, ೫೧೦೦ ಅಡಿ-ಪೌಂಡಿನ ಆಸುಪಾಸು. ಮಸಿಯೊಂದು, ಸೀಸೆ ಹಲವು. ೧೯೧೧ರಲ್ಲಿ ರಿಗ್ಬಿಯವರು ಮೌಸರ್ ಜಾತಿಯ ತುಂಬುಕೋವಿಗೆಂದು ೪೧೬ ಎಂಬುದನ್ನು ತಂದರು. ೪೧೦ ಗ್ರೇನಿನ ಗುಂಡು, ಬಲ ಮತ್ತೆ ೫೦೦೦ದ ಹತ್ತಿರವೇ. ಮರುವರ್ಷ ಹಾಲೆಂಡ್ ಮನೆತನದ ೩೭೫ ಬಂದಿತು. ಹುಲಿಗೂ ಆನೆಗೂ ಒಂದೇ ಕೋವಿ ಬೇಕೆನ್ನುವವರಿಗೆ ಇಂದಿಗೂ ಅದರಷ್ಟು ನಂಬುಗೆಯದು ಬೇರೆ ಹುಟ್ಟಿಲ್ಲವೆಂದು ಹೇಳಬಹುದು.

ಇಷ್ಟು ಅಂಕಿಗಳನ್ನು ಕೂಡಿಸಿದಮೇಲೆ ಅವನ್ನೆಲ್ಲ ಕದಡುವ ಒಬ್ಬ ಮನುಷ್ಯನನ್ನು ಕುರಿತು ಹೇಳದಿದ್ದರೆ ಅನ್ಯಾಯವಾದೀತು. ಸ್ಕಾಟ್ಲೆಂಡಿನ ವಾಲ್ಟರ್ ಬೆಲ್ ಎಂಬವನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪೂರ್ವ ಆಫ್ರಿಕದಲ್ಲಿ ದಂತಕ್ಕಾಗಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದನು. ಈ ಸಂಖ್ಯೆಯನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಅವುಗಳಲ್ಲಿ ಬಹುಪಾಲನ್ನು ಅವನು ಹೊಡೆದುದು ೨೭೫ ಎಂಬ ಸಣ್ಣ ಮೌಸರ್ ಬಂದೂಕಿನಿಂದ. ಗುಂಡು ೧೭೩ ಗ್ರೇನ್; ಒಂದು ತೊಲಕ್ಕೂ ಸ್ವಲ್ಪ ಕಡಮೆ. ಬಲ ೨೦೦೦ ಅಡಿ-ಪೌಂಡಿನಷ್ಟು, ಸ್ಯಾಂಡರ್ಸನ್ನನ ಗುಂಡಿನ ಮೂರನೆಯ ಒಂದು ಪಾಲೂ ಇಲ್ಲ. ಮುಖಭಾರವನ್ನು ನೋಡಿದರೆ ಗುಟ್ಟು ಬಯಲಾಗುವುದು: ೦.೩೦೬. ಬೆಲ್ಲನು ಸತ್ತ ಆನೆಯ ಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಯಾವ ಕೋನದಿಂದ ಎಲ್ಲಿ ಸಿಕ್ಕುವುದೆಂಬುದನ್ನು ಕಣ್ಣಾರೆ ನೋಡಿ ಕಲಿತಿದ್ದನು. ಅಂಗಿ ತೊಟ್ಟ ಸಣ್ಣಗುಂಡು ಆ ಎಡೆಗೆ ಹೋಗಿ ಮುಟ್ಟುತ್ತಿತ್ತು. ತೋಟೆಗಳ ಆಯ್ಕೆಯಲ್ಲಿ ಅವನು ಮುಖ್ಯವಾಗಿ ನೋಡಿದುದು ಬಲವನ್ನಲ್ಲ. ಹಾರಬೇಕಾದಾಗ ತಪ್ಪದೆ ಹಾರುವುದೇ ಎಂಬುದನ್ನು. ಲ್ಯಾಂಗನ ಒಂಟಿನಳಿಗೆ ಕೈಕೊಟ್ಟ ದಿನ ಸ್ಯಾಂಡರ್ಸನ್ ಕಲಿತ ಪಾಠವೂ ಅದೇ ಅಲ್ಲವೆ?

ಆದರೆ ಬೆಲ್ಲನನ್ನು ಉದಾಹರಿಸಿ ದೊಡ್ಡ ತೋಟೆಗಳು ವ್ಯರ್ಥವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವನು ಬೇಟೆಯಾಡಿದುದರಲ್ಲಿ ಹೆಚ್ಚಿನದು ತೆರೆದ ನಾಡು. ಅಲ್ಲಿಯ ಆನೆಗಳು ಕೋವಿಯನ್ನು ಅಷ್ಟಾಗಿ ಕಂಡಿರಲಿಲ್ಲ. ಅವನ ಗುರಿಯೋ ದೈವದತ್ತವಾದುದು. ಹತ್ತು ಮಾರು ದೂರದಲ್ಲಿ, ಲಂಟಾನದ ಪೊದೆಯಿಂದ, ಕಿವಿ ನಿಮಿರಿಸಿ ನುಗ್ಗಿಬರುವ ಸಲಗಕ್ಕೆ ಎದುರಾಗಿ ಕೈ ನಡುಗುವ ಸಾಮಾನ್ಯ ಮನುಷ್ಯನು ಮಿದುಳಿಗೆ ನಾಲ್ಕು ಬೆರಳು ತಪ್ಪಿ ಹೊಡೆದರೂ ಆನೆ ತತ್ತರಿಸಿ ನಿಲ್ಲಬೇಕು. ಅಲ್ಲಿ ೫೦೦ ಗ್ರೇನಿನ ಗುಂಡು ಮಾಡುವುದನ್ನು ೧೭೩ ಗ್ರೇನಿನ ಗುಂಡು ಮಾಡದು. ದೊಡ್ಡ ತೋಟೆ ಇರುವುದು ಗುರಿ ತಪ್ಪಿದ ಹೊಡೆತಕ್ಕಾಗಿ.

ಇನ್ನು ‘ಆಧುನಿಕ’ವೆನಿಸಿಕೊಂಡವುಗಳ ಸಂಗತಿ. ಎರಡನೆಯ ಮಹಾಯುದ್ಧದ ತರುವಾಯ ಕೈಕೆಲಸದ ಇಂಗ್ಲಿಷ್ ಜೋಡುನಳಿಗೆಗಳ ಬೆಲೆ ಸಾಮಾನ್ಯರಿಗೆ ಎಟುಕದಂತಾಯಿತು. ೧೯೫೬ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪನಿಯು ೪೫೮ ಮ್ಯಾಗ್ನಂ ಎಂಬು‌ದನ್ನು ಹೊರತಂದಿತು. ಅದರ ಗುರಿ ಹೊಸತೇನೂ ಅಲ್ಲ: ೧೮೯೮ರ ಆ ೪೫೦ ಮಾಡುತ್ತಿದ್ದುದನ್ನೇ, ಅಗ್ಗದ ಸಾಧಾರಣ ಬಂದೂಕಿನಲ್ಲಿ ಹಿಡಿಯುವ ಎರಡೂವರೆ ಅಂಗುಲದ ತೋಟೆಯಲ್ಲಿ ಮಾಡುವುದು. ೫೦೦ ಗ್ರೇನ್, ೨೧೩೦ ಅಡಿ, ೫೦೦೦ ಅಡಿ-ಪೌಂಡು ಎಂದು ಪತ್ರಿಕೆಯಲ್ಲಿ ಅಚ್ಚಾಯಿತು. ಕಾಡಿನಲ್ಲಿ ಅಷ್ಟು ವೇಗ ಎಲ್ಲರಿಗೂ ದೊರೆಯಲಿಲ್ಲ. ಇಕ್ಕಟ್ಟಾದ ಹೊಟ್ಟೆಯಲ್ಲಿ ಅದುಮಿ ತುಂಬಿದ ಮದ್ದು ಬಹುಕಾಲವಿದ್ದರೆ ಹೆಂಟೆಗಟ್ಟಿ ಸರಿಯಾಗಿ ಉರಿಯದೆ ಹೋಗುವುದೆಂಬ ದೂರು ಹುಟ್ಟಿತು. ಕಾಡೆಮ್ಮೆಯಿಂದ ತಿವಿಸಿಕೊಂಡು ಬದುಕಿದ ಜ್ಯಾಕ್ ಲಾಟ್ ಎಂಬ ಅಮೆರಿಕದವನು ೧೯೭೧ರ ಹೊತ್ತಿಗೆ ಅದೇ ಗುಂಡಿಗೆ ೨.೮ ಅಂಗುಲದ ತೋಟೆಯನ್ನು ಯೋಜಿಸಿದನು. ಅಂದರೆ ಮೊಟಕುಮಾಡಿದ್ದನ್ನು ಮತ್ತೆ ಉದ್ದಮಾಡಿದನು. ೧೯೮೦ರ ದಶಕದ ಕೊನೆಯಲ್ಲಿ ರೆಮಿಂಗ್ಟನ್ನಿನವರ ೪೧೬ ಬಂದಿತು. ಅದರ ೪೦೦ ಗ್ರೇನಿನ ಗುಂಡು ೨೪೦೦ ಅಡಿ ವೇಗದಲ್ಲಿ ಓಡುವುದು; ಲೆಕ್ಕ ಹಾಕಿದರೆ ೫೧೦೦ ಅಡಿ-ಪೌಂಡು. ೧೯೧೧ರ ರಿಗ್ಬಿಯ ಫಲವನ್ನೇ ಹೆಚ್ಚು ಒತ್ತಡದಿಂದ, ಸಣ್ಣ ತೋಟೆಯಲ್ಲಿ ಪಡೆದಂತಾಯಿತು.

೪೫೦, ೪೭೦, ರಿಗ್ಬಿಯ ೪೧೬, ವಿಂಚೆಸ್ಟರ್, ರೆಮಿಂಗ್ಟನ್: ತೊಂಬತ್ತು ವರ್ಷಗಳ ಅಂತರದಲ್ಲಿ ಹುಟ್ಟಿದ ಇವೆಲ್ಲವೂ ಐದು ಸಾವಿರದ ಸುತ್ತಲೇ ನಿಂತಿವೆ. ಮನುಷ್ಯನ ಹೆಗಲು ಸಹಿಸುವ ಒದೆತಕ್ಕೂ ಆನೆಯ ಬುರುಡೆ ಬೇಡುವ ಆಳಕ್ಕೂ ನಡುವೆ ಒಂದು ಒಪ್ಪಂದ ೧೮೯೮ರಲ್ಲೇ ಆಗಿಹೋಗಿತ್ತು. ಇದನ್ನು ಮೀರಿದ ೫೭೭, ೬೦೦ ಎಂಬ ದೈತ್ಯರೂ ಹಿಂದೆಯೇ ಇದ್ದರು. ೬೦೦ರ ೯೦೦ ಗ್ರೇನಿನ ಗುಂಡಿಗೆ ೭೬೦೦ ಅಡಿ-ಪೌಂಡಿನ ಬಲ. ಆದರೆ ದಿನವೆಲ್ಲ ಹೊತ್ತು ನಡೆಯುವ ಕೋವಿಯಾಗಿ ಅವು ಬಳಕೆಗೆ ಬರಲಿಲ್ಲ. ಈಚೆಗೆ ನಿಜವಾಗಿ ಹೊಸದಾದುದು ಎರಡೇ: ಬಿಸಿಲಿಗೆ ಅಷ್ಟಾಗಿ ಕೆರಳದ ಮದ್ದು, ಮತ್ತು ಸೀಸವೇ ಇಲ್ಲದೆ ಇಡಿಯಾಗಿ ಹಿತ್ತಾಳೆಯಂಥ ಲೋಹದಿಂದ ಕಡೆದ ಗುಂಡು. ಈ ಎರಡನ್ನೂ ಹಳೆಯ ೪೭೦ಕ್ಕೂ ತುಂಬಬಹುದು, ತುಂಬುತ್ತಲೂ ಇದ್ದಾರೆ.

ನಮ್ಮ ಕಡೆಯ ಇನ್ನೊಬ್ಬನ ತೋಟೆಯನ್ನೂ ಈ ತಕ್ಕಡಿಯಲ್ಲಿಟ್ಟು ನೋಡಬೇಕು. ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ ನರಭಕ್ಷಕ ಹುಲಿ ಚಿರತೆಗಳ ಕಥೆಗಳಿಂದ ಪ್ರಸಿದ್ಧನಾದವನು. ೧೯೫೪ರಲ್ಲಿ ಅವನ ಮೊದಲ ಬೇಟೆಯ ಪುಸ್ತಕ ಬಂದಿತು. ಅವನ ಕೈಯಲ್ಲಿದ್ದುದು ೪೦೫ ವಿಂಚೆಸ್ಟರ್. ಅಮೆರಿಕದ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟನು ೧೯೦೯ರಲ್ಲಿ ಆಫ್ರಿಕಕ್ಕೆ ಒಯ್ದು ಸಿಂಹಗಳಿಗೆ ಇದೇ ಮದ್ದೆಂದು ಕೊಂಡಾಡಿದ ತೋಟೆ. ಗುಂಡು ೩೦೦ ಗ್ರೇನ್, ಬಲ ೩೨೦೦ ಅಡಿ-ಪೌಂಡು. ಬೆಲ್ಲನ ೨೭೫ಕ್ಕಿಂತ ಒಂದೂವರೆ ಪಟ್ಟು. ಮುಖಭಾರವೋ ೦.೨೫೩ ಮಾತ್ರ. ದಪ್ಪವಾಗಿ ಗಿಡ್ಡಗಿರುವ ಈ ಗುಂಡು ಹುಲಿಯ ಎದೆಯಲ್ಲಿ ತನ್ನ ಕೆಲಸವನ್ನು ಚೆನ್ನಾಗಿ ಮಾಡುವುದು. ಪುಂಡಾನೆಯೆದುರು ಇದನ್ನು ಹಿಡಿದು ನಿಲ್ಲಲು ತೋಟೆಗಿಂತ ಎದೆಗಾರಿಕೆಯನ್ನು ಹೆಚ್ಚಾಗಿ ನಂಬಬೇಕು.

ಅರ್ಧಕ್ಕೆ ನಿಂತ ಗುಂಡಿನ ಫಲವನ್ನು ಉಣ್ಣುವವರು ಯಾರು? ೧೯೦೭ರಲ್ಲಿ ಜಿಮ್ ಕಾರ್ಬೆಟ್ಟನು ಕುಮಾವೂನಿನ ಚಂಪಾವತದಲ್ಲಿ ಹೊಡೆದ ಹೆಣ್ಣುಹುಲಿ ನೇಪಾಳದಲ್ಲೂ ಕುಮಾವೂನಿನಲ್ಲೂ ಸೇರಿ ೪೩೬ ಮಂದಿಯನ್ನು ಕೊಂದಿತ್ತು. ಸತ್ತಮೇಲೆ ಅದರ ಬಾಯಿ ನೋಡಿದರೆ ಬಲಗಡೆಯ ಮೇಲಣ ಕೋರೆ ಅರ್ಧಕ್ಕೆ ಮುರಿದಿತ್ತು, ಕೆಳಗಣದು ಬುಡಕ್ಕೇ ಹೋಗಿತ್ತು. ಹಿಂದೆಂದೋ ಯಾರೋ ಹೊಡೆದ ಗುಂಡಿನ ಗಾಯ. ಹಸಿದ ಹುಲಿ ತನಗೆ ಸಹಜವಾದ ಬೇಟೆಯನ್ನು ಹಿಡಿಯಲಾರದೆ ಮನುಷ್ಯರಿಗೆ ತಿರುಗಿತೆಂದು ಕಾರ್ಬೆಟ್ಟನು ಬರೆದನು. ಗುಂಡು ಹೊಡೆದವನ ಹೆಸರು ಯಾರಿಗೂ ತಿಳಿಯದು. ಸತ್ತವರು ಸೊಪ್ಪಿಗೂ ಸೌದೆಗೂ ಹೋದ ಹೆಂಗಸರು, ಹೊಲದಲ್ಲಿದ್ದ ರೈತರು. ಮುಖಭಾರದ ದಶಾಂಶಗಳನ್ನು ಇಷ್ಟು ಹಿಂಜಿದುದು ಪಾಂಡಿತ್ಯಪ್ರದರ್ಶನಕ್ಕಲ್ಲ ಎಂಬುದು ವಾಚಕರಿಗೆ ಈಗ ಗೊತ್ತಾಗಿರಬಹುದು.

೧೯೬೦ರ ದಶಕದಲ್ಲಿ ಕೈನಾಕ್ ಎಂಬ ಇಂಗ್ಲೆಂಡಿನ ಕಾರ್ಖಾನೆಯವರು ಈ ದೊಡ್ಡ ತೋಟೆಗಳನ್ನು ಮಾಡುವುದನ್ನು ಬಿಡುತ್ತ ಬಂದರು. ಅದೇ ಹೆಸರಿನಲ್ಲಿ ಅವು ಮತ್ತೆ ಹುಟ್ಟಲು ೧೯೯೦ರ ದಶಕ ಬರಬೇಕಾಯಿತು. ಅಷ್ಟರಲ್ಲಿ ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಬೇಟೆ ನಿಂತಿತು. ಮನುಷ್ಯರ ಪ್ರಾಣಕ್ಕೆ ಅಪಾಯವೆಂದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಬರೆದುಕೊಟ್ಟ ಹೊರತು ಆನೆಗಾಗಲಿ ಹುಲಿಗಾಗಲಿ ಗುಂಡು ಹಾರಿಸುವಂತಿಲ್ಲ. ಹಾಸನ, ಕೊಡಗುಗಳ ಕಾಫಿತೋಟಗಳಿಗೆ ನುಗ್ಗುವ ಸಲಗವನ್ನು ಈಗ ಹಿಡಿಯುವುದು ಗುಂಡಿನಿಂದಲ್ಲ. ಕೋವಿಯಿಂದಲೇ ಹಾರಿಸುವ, ಮಂಪರಿನ ಔಷಧಿ ತುಂಬಿದ ಸೂಜಿಯಿಂದ. ಅದಕ್ಕೆ ಮುಖಭಾರವೂ ಬೇಡ, ಐದು ಸಾವಿರ ಅಡಿ-ಪೌಂಡೂ ಬೇಡ. ಚರ್ಮವನ್ನು ದಾಟಿದರೆ ಸಾಕು. ಆದರೆ ಔಷಧಿ ಮೈಗೇರಲು ಹಲವು ನಿಮಿಷಗಳು ಬೇಕು. ಆ ನಿಮಿಷಗಳಲ್ಲಿ ಆನೆಗೆ ಕಾಲಿದೆ, ಕಣ್ಣಿದೆ, ಕೋಪವಿದೆ. ೨೦೨೩ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯಲ್ಲಿ ಗಾಯಗೊಂಡ ಸಲಗವೊಂದಕ್ಕೆ ಚಿಕಿತ್ಸೆಗೆಂದು ಸೂಜಿ ಹೊಡೆದ ಅನುಭವಿಯೊಬ್ಬರು, ಸೂಜಿ ತಗುಲಿದ ಮೇಲೆ ತಿರುಗಿಬಿದ್ದ ಅದೇ ಆನೆಯಿಂದ ಪ್ರಾಣ ಬಿಟ್ಟರು.